ಒಣಗದ ಕಟ್ಟೆ

ಹೊಳೆಯ ದಡದಲ್ಲಿ ಮಹಾಂತಮ್ಮನವರ ಮಠ. ಮಠವೆಂದರೆ ಎರಡು ಕೋಣೆ, ಒಂದು ಅಂಗಳ, ಬೇವಿನ ಮರದ ಕೆಳಗೆ ಉದ್ದನೆಯ ಕಲ್ಲುಕಟ್ಟೆ, ಅಷ್ಟೇ.

ಮಹಾಂತಮ್ಮ ವೈದ್ಯ ಮಾಡುತ್ತಿದ್ದರು. ಆದರೆ ರೋಗಿಯ ಮುಖವನ್ನು ಮೊದಲು ನೋಡುತ್ತಿರಲಿಲ್ಲ. ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಬೇರು ಅರೆಯುತ್ತ ಕೂತಿರುತ್ತಿದ್ದರು.

ಸಹಾಯಕನಾದವನು ಕಟ್ಟೆಯ ಬಳಿ ಹೋಗಿ ರೋಗಿಯ ಹೆಸರು ಕೇಳಬೇಕು. ಆಮೇಲೆ ಬಾಧೆ ಕೇಳಬೇಕು. ರೋಗಿ ಆಡಿದ ಮಾತನ್ನು ಆಡಿದ ಹಾಗೆಯೇ ಒಳಗೆ ತಂದು ಒಪ್ಪಿಸಬೇಕು. ಆಗಷ್ಟೇ ಅವರು ಎದ್ದು ಹೊರಗೆ ಬರುತ್ತಿದ್ದರು.

ಒಂದು ಬೇಸಿಗೆ ಬಾಳಪ್ಪ ಎಂಬ ಅಂಬಿಗ ಬಂದು ಅವರ ಬೆನ್ನಿಗೆ ಕೈಮುಗಿದ.

"ಅಮ್ಮಾರ, ಹರಿಗೋಲು ಬಿಟ್ಟೀನ್ರಿ. ನಿಮ್ಮ ಕೈಕೆಳಗ ರೋಗಿಗಳ ಸೇವಾ ಮಾಡಬೇಕಂತ ವಿಚಾರ ಐತಿ. ನಾ ಈ ಕೆಲಸಕ್ಕ ಬರ್ತೀನೇನ್ರಿ?"

"ಹರಿಗೋಲು ಯಾಕ ಬಿಟ್ಟಿ?"

"ರಟ್ಟಿ ನೋವು ರೀ."

ಮಹಾಂತಮ್ಮ ಅರೆಯುವುದನ್ನು ನಿಲ್ಲಿಸಲಿಲ್ಲ. "ಒಂದು ತಿಂಗಳು ಮಾತು ಹೊತ್ತು ತಾ. ಬರ್ತೀಯೋ ಇಲ್ಲೋ, ಆಮ್ಯಾಲ ನೋಡೂಣು."

ಮಾತು ಹೊರುವುದು ಅದೇನು ಮಹಾ ಭಾರ ಎಂದುಕೊಂಡ ಬಾಳಪ್ಪ. ಮೊದಲ ದಿನವೇ ಎಡವಿದ.

ಒಬ್ಬ ಮುದುಕ, "ಹೊಟ್ಟ್ಯಾಗ ಯಾರೋ ಕುಂತು ಹಗ್ಗ ಹೊಸೆದಂಗ ಆಗತೈತಿ" ಎಂದ. ಬಾಳಪ್ಪ ಒಳಗೆ ಹೋಗಿ, "ಅಜೀರ್ಣ ರೀ" ಎಂದ.

"ಅಜೀರ್ಣ ಅಂದನಾ ಅವ?"

"ಇಲ್ರಿ. ನನಗ ಹಂಗ ಅನಿಸ್ತು."

"ಬ್ಯಾನಿ ಅವಂದು, ಅನಿಸೋದು ನಿನಗಾ? ಹೋಗು, ಇನ್ನೊಮ್ಮೆ ಕೇಳಕೊಂಡು ಬಾ."

ಮುದುಕ ಹೊಟ್ಟೆ ಹಿಡಿದುಕೊಂಡೇ ನಕ್ಕ. ಬಾಳಪ್ಪನ ಮುಖ ಸಣ್ಣದಾಯಿತು. ಆದರೂ ಹತ್ತು ದಿನದಲ್ಲಿ ಕೆಲಸ ಅವನ ಕೈಗೆ ಹತ್ತಿತು.

ಹನ್ನೊಂದನೆಯ ದಿನ ಮಟಮಟ ಮಧ್ಯಾಹ್ನ. ರೋಗಿಗಳೆಲ್ಲ ಹೋಗಿದ್ದರು. ಕಟ್ಟೆಯ ತುದಿಯಲ್ಲಿ ಒಬ್ಬ ಹೆಂಗಸು ಕೂತಿದ್ದಳು.

ಅವಳ ಸೀರೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಹೊಳೆಯಲ್ಲಿ ಆಗ ಮೊಣಕಾಲು ಮುಳುಗುವಷ್ಟೂ ನೀರಿರಲಿಲ್ಲ.

ಬಾಳಪ್ಪ ಹೆಸರು ಕೇಳುವುದನ್ನೇ ಮರೆತ. "ಏನಾಗೇತವ್ವಾ?"

"ಕೈ ಖಾಲಿ ಆಗೇತಿ."

ಅವಳು ಬಲಗೈ ಎತ್ತಿ ತೋರಿಸಿದಳು. ಮಣಿಕಟ್ಟಿನ ಮೇಲೆ ಐದು ಬೆರಳುಗಳ ಗುರುತು ನೀಲಿಗಟ್ಟಿತ್ತು.

ಆ ಮುಖವನ್ನು ಬಾಳಪ್ಪ ಒಮ್ಮೆ ನೋಡಿದ್ದ. ಹೋದ ವರ್ಷದ ನೆರೆಯಲ್ಲಿ, ನೀರು ಅದನ್ನು ಮುಚ್ಚುವುದಕ್ಕೆ ಮುಂಚೆ. ಅಂದು ಅವನ ಹರಿಗೋಲು ಮಗುಚಿ ಅದರಲ್ಲಿದ್ದ ಆರೂ ಪ್ರಯಾಣಿಕರು ನೀರುಪಾಲಾದರು. ದಡ ಸೇರಿದವನು ಅವನೊಬ್ಬನೇ.

ಅವನು ಒಳಗೆ ಹೋದ. "ಯಾರೋ ಹೆಣ್ಣಮಗಳು ರೀ. ಚಳಿಜ್ವರ ಅಂತ."

"ಚಳಿಜ್ವರ ಅಂದಳಾ?"

"ಹೌದ್ರಿ."

"ಹೋಗು, ಇನ್ನೊಮ್ಮೆ ಕೇಳು."

ಹೊರಗೆ ಬಂದರೆ ಕಟ್ಟೆ ಖಾಲಿ. ಅವಳು ಕೂತ ಜಾಗ ಮಾತ್ರ ಒದ್ದೆಯಾಗಿತ್ತು. ಸಂಜೆಯವರೆಗೆ ಬಿಸಿಲು ಬಿದ್ದರೂ ಅದು ಒಣಗಲಿಲ್ಲ.

ಮರುದಿನ ಅದೇ ಹೊತ್ತಿಗೆ ಅವಳು ಬಂದಳು. ಈ ಸಲ ಕಟ್ಟೆಯ ಮೇಲಲ್ಲ, ಹೊಸ್ತಿಲ ಹೊರಗೆ ನಿಂತಿದ್ದಳು. ಬಾಳಪ್ಪ ಕಣ್ಣು ಮುಚ್ಚಿಕೊಂಡ. ತೆರೆದಾಗ ಯಾರೂ ಇರಲಿಲ್ಲ.

"ಯಾರು ಬಂದಿದ್ದರು?" ಒಳಗಿನಿಂದ ಮಹಾಂತಮ್ಮ ಕೇಳಿದರು.

"ಯಾರೂ ಇಲ್ರಿ."

"ಹಂಗಾರ ಹೊಸ್ತಿಲು ಒರಸು."

ಅವನು ಒರಸಿದ. ಬಟ್ಟೆ ಹಿಂಡಿದ. ನೆರೆಯ ಕೆಸರಿನ ವಾಸನೆ ಬಂತು. ಮತ್ತೆ ಹಿಂಡಿದ, ಮತ್ತೆ ನೀರು ಬಂತು. ಎಷ್ಟು ಹಿಂಡಿದರೂ ಅಷ್ಟು ಚಿಕ್ಕ ಬಟ್ಟೆಯಿಂದ ನೀರು ಬರುತ್ತಲೇ ಇತ್ತು.

ಬಾಳಪ್ಪ ಬಟ್ಟೆಯನ್ನು ಅಲ್ಲೇ ಬಿಸಾಡಿ ತನ್ನ ಗಂಟು ಕಟ್ಟಿಕೊಂಡ.

"ಅಮ್ಮಾರ, ಈ ಕೆಲಸ ನನ್ನಿಂದ ಆಗಾಂಗಿಲ್ರಿ. ನಾ ಹೊಂಟೆ."

"ಹೋಗಪಾ. ದಾರಿ ಆ ಕಟ್ಟಿ ಮುಂದನ ಐತಿ."

ಅವನು ಹೊಸ್ತಿಲವರೆಗೆ ಹೋಗಿ ನಿಂತ. "ಆಕಿ ಯಾರಂತ ನಿಮಗ ಗೊತ್ತೈತೇನ್ರಿ?"

"ನನಗ ಹೆಂಗ ಗೊತ್ತಾಗಬೇಕು? ಆಕಿ ಮಾತು ಇನ್ನೂ ನನ್ನ ತನಕ ಬಂದಿಲ್ಲ."

ಬಾಳಪ್ಪ ಗಂಟಿನ ಮೇಲೆಯೇ ಕೂತ. ಹೋದರೂ ಅವಳು ಹಿಂದೆ ಬರುವಳೆಂದು ಅವನಿಗೆ ಖಾತ್ರಿಯಾಗಿತ್ತು. ಅವಳ ಮಾತನ್ನು ಒಳಗೆ ಒಯ್ದರೆ ಇನ್ನೊಂದು ಭಯ. ಕೊನೆಯವರೆಗೂ ಆ ಹೆಂಗಸಿನ ಕೈ ಹಿಡಿದಿದ್ದೆ, ಹೊಳೆಯೇ ಕಿತ್ತುಕೊಂಡಿತು ಎಂದು ಅವನು ಊರಿಗೆಲ್ಲ ಹೇಳಿದ್ದ. ಊರು ನಂಬಿತ್ತು, ಅವನಿಗಾಗಿ ಅತ್ತೂ ಇತ್ತು. ಸುಳ್ಳು ಗೊತ್ತಾದರೆ ಈ ದಡದಲ್ಲಿ ಅವನಿಗೆ ನೀರು ಕೊಡುವವರೂ ಇರುತ್ತಿರಲಿಲ್ಲ.

ಮೂರನೆಯ ಮಧ್ಯಾಹ್ನ ಅವನೇ ಹೋಗಿ ಕಟ್ಟೆಯ ಮೇಲೆ ಕಾದು ಕೂತ. ಬೇವಿನ ಎಲೆಯೊಂದೂ ಅಲುಗಲಿಲ್ಲ. ಪಕ್ಕದ ಕಲ್ಲು ಮೆಲ್ಲಗೆ ತಣ್ಣಗಾಯಿತು. ತಿರುಗಿ ನೋಡುವ ಮೊದಲೇ ಅವನ ತೊಡೆಗೆ ನೀರು ತಾಗಿತು.

"ನಿನ್ನ ಹೆಸರು ಏನವ್ವಾ?" ಎಂದ. ಹಲ್ಲು ಕಟಕಟ ಎನ್ನುತ್ತಿತ್ತು.

"ಹರಿಗೋಲು ಹತ್ತಿದಾಗ ಕೇಳಲಿಲ್ಲ."

"ಈಗ ಕೇಳಾಕತ್ತೀನಿ."

ಅವಳು ಹೇಳಿದಳು. ಬಾಧೆಯನ್ನೂ ಹೇಳಿದಳು.

ಅವನು ಒಳಗೆ ಹೋಗಿ ಗುರುವಿನ ಬೆನ್ನ ಹಿಂದೆ ನಿಂತ.

"ಆಕಿ ಹೆಸರು ಲಗಮವ್ವ ರೀ. ಆಕಿ ಅಂದಳು: 'ಅಂಬಿಗ ನನ್ನ ಕೈ ಹಿಡದಿದ್ದ. ನನಗ ಉಸುರು ಇತ್ತು. ನಾ ಬಿಟ್ಟಿರಲಿಲ್ಲ. ಅವ ಬಿಟ್ಟ.'"

ಅರೆಯುವ ಸದ್ದು ನಿಂತಿತು.

"ಏನರ ಸೇರಿಸಿದಿ?"

"ಇಲ್ರಿ."

"ಏನರ ಬಿಟ್ಟಿ?"

ಬಾಳಪ್ಪ ಕೆಳಗೆ ನೋಡಿದ. ಅವನ ಪಾದದ ಸುತ್ತ ನೆಲ ಒದ್ದೆಯಾಗುತ್ತ ಬಂದಿತ್ತು.

"ಒಂದು ಮಾತು ಬಿಟ್ಟೀನ್ರಿ."

"ತಾ ಅದನ್ನ."

"'ಆ ಅಂಬಿಗ ನೀನ' ಅಂದಳು ರೀ."

ಹೇಳಿದವನೇ ಬಿಕ್ಕಿ ಬಿಕ್ಕಿ ಅತ್ತ. ಒಂದು ವರ್ಷ ತಡೆದಿದ್ದ ಅಳು ಅದು, ಸುಲಭಕ್ಕೆ ನಿಲ್ಲಲಿಲ್ಲ.

ಮಹಾಂತಮ್ಮ ಎದ್ದರು. ಮೊದಲ ಸಲ ಅವನ ಮುಖವನ್ನು ದಿಟ್ಟಿಸಿ ನೋಡಿದರು. "ಅಂದರ ನಿಂದು ರಟ್ಟಿ ನೋವಲ್ಲ" ಎಂದು ಹೊರಗೆ ನಡೆದರು. ಅವನೂ ಹಿಂದೆಯೇ ಹೋದ.

ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಮಹಾಂತಮ್ಮ ಅವಳು ಕೂತಿದ್ದ ಜಾಗವನ್ನು ಅಂಗೈಯಿಂದ ಮುಟ್ಟಿ ನೋಡಿದರು. "ಕಾದೈತಿ," ಎಂದರು.

ಬಾಳಪ್ಪನೂ ಮುಟ್ಟಿದ. ಕಲ್ಲು ಒಣಗಿ ಸುಡುತ್ತಿತ್ತು.

"ಅಮ್ಮಾರ, ಇನ್ನು ಊರಿಗೂ ನಾನ ಹೇಳ್ತೀನಿ. ಅವರು ಏನರ ಮಾಡಲಿ. ಆದರ ನೀವು ಹೇಳ್ರಿ, ನಾ ಈ ಕೆಲಸಕ್ಕ ಬರ್ತೀನೋ ಇಲ್ಲೋ?"

ಮಹಾಂತಮ್ಮ ಹೊಳೆಯ ಕಡೆ ನೋಡಿದರು. ಇಳಿಜಾರಿನಲ್ಲಿ ಯಾರೋ ಸಾಲಾಗಿ ಮೇಲಕ್ಕೆ ಬರುತ್ತಿದ್ದರು. ಬಾಳಪ್ಪ ಎಣಿಸಿದ. ಐದು ಜನ. ಬಿಸಿಲ ಝಳಕ್ಕೆ ಅವರ ಮುಖ ಕಾಣಲಿಲ್ಲ, ಬಟ್ಟೆ ಒದ್ದೆಯೋ ಒಣಗಿದೆಯೋ ತಿಳಿಯಲಿಲ್ಲ.

ಅವನು ಗುರುವಿನ ಸೆರಗನ್ನು ಮಗುವಿನ ಹಾಗೆ ಹಿಡಿದುಕೊಂಡ.

"ಅವರು ಬದುಕಿದವರೇನ್ರಿ, ಸತ್ತವರೇನ್ರಿ?"

ಮಹಾಂತಮ್ಮ ಸೆರಗು ಬಿಡಿಸಿಕೊಂಡು ಒಳಗೆ ಹೊರಟರು.

"ಹೆಸರು ಕೇಳಾಕ ಅದ್ಯಾಕ ಬೇಕು?"