ಬದುವಿನ ಮೇಲಿನ ಗೊಂಬೆ

ಯುಗಾದಿ ಮುಗಿದ ಮೂರನೆಯ ದಿನ ಮುದಕಪ್ಪ ತನ್ನ ಸತ್ತ ತಮ್ಮನ ಹೆಂಡತಿಯನ್ನು ಹೆದರಿಸಬೇಕೆಂದು ಮನಸ್ಸು ಮಾಡಿದ.

ಅವನೇನು ದುಷ್ಟನಲ್ಲ. ತಮ್ಮ ಅಂದಾನಪ್ಪ ಕಾಮಾಲೆಯಿಂದ ತೀರಿಕೊಂಡ ವರ್ಷ ಅವನ ಪಾಲಿನ ಹೊಲವನ್ನೂ ತಾನೇ ಬಿತ್ತಿ, ಬೆಳೆದ ಜೋಳವನ್ನೆಲ್ಲ ತಮ್ಮನ ಹೆಂಡತಿ ಶಂಕ್ರವ್ವನ ಮನೆಗೆ ಹಾಕಿಸಿದ್ದ. ಮುದಕಪ್ಪನಿಗೆ ಮಕ್ಕಳಿರಲಿಲ್ಲ. ಶಂಕ್ರವ್ವನ ಇಬ್ಬರು ಹೆಣ್ಣುಮಕ್ಕಳು, ಈರಮ್ಮ ಮತ್ತು ಗಿರಿಜಾ, ಅವನ ಹೆಂಡತಿ ಕಳಕವ್ವನ ಕೈತುತ್ತು ತಿಂದೇ ಬೆಳೆದವರು. ಎರಡು ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ.

ಯುಗಾದಿಯ ದಿನ ಊಟವಾದ ಮೇಲೆ ಶಂಕ್ರವ್ವ ಸೆರಗು ಸರಿಪಡಿಸಿಕೊಂಡು ಬಾಗಿಲ ಬಳಿ ನಿಂತು ಹೇಳಿದ್ದಳು: "ಭಾವಾರ, ನಮ್ಮ ಪಾಲಿನ ನಾಕು ಎಕರೆ ನನ್ನ ಹೆಸರಿಗೂ ಹುಡುಗ್ಯಾರ ಹೆಸರಿಗೂ ಹಚ್ಚಸಬೇಕಂತ ಮಾಡೀನಿ. ನಾಳೆ ನನಗೇನರ ಆದ್ರ ಅವಕ್ಕೊಂದು ಆಧಾರ ಬೇಕಲ್ರಿ."

"ಆತು, ನೋಡೂಣಂತ," ಎಂದ ಮುದಕಪ್ಪ.

ಇಬ್ಬರ ಪಾಲೂ ಸೇರಿ ಒಟ್ಟು ಎಂಟು ಎಕರೆ ಕರಿಮಣ್ಣಿನ ಎರೆಹೊಲ. ಅಪ್ಪ ಅದರ ಕಲ್ಲುಗಳನ್ನು ಕೈಯಿಂದಲೇ ಆರಿಸಿ ಹೊರಗೆ ಹಾಕಿದ್ದ. ಈ ಹುಡುಗಿಯರು ನಾಳೆ ಮದುವೆಯಾಗಿ ಬೇರೆ ಊರಿಗೆ ಹೋಗುತ್ತಾರೆ. ಅಳಿಯಂದಿರು ಬರುತ್ತಾರೆ. ಹೊಲ ಮಾರೋಣ ಎನ್ನುತ್ತಾರೆ. ಯಾವನೋ ಗುರುತಿಲ್ಲದವನು ಬಂದು ಅಪ್ಪನ ಹೊಲದಲ್ಲಿ ಕುಂಟೆ ಹೊಡೆಯುತ್ತಾನೆ. ಮುದಕಪ್ಪ ಆ ಗುರುತಿಲ್ಲದವನನ್ನು ದಿನಕ್ಕೆ ಹತ್ತು ಸಲ ಕಣ್ಣೆದುರು ತಂದುಕೊಂಡ. ಕೊನೆಗೆ ಅವನು ಹುಟ್ಟಿಯೇ ಇದ್ದಾನೆ, ಎಲ್ಲೋ ಬುತ್ತಿ ಕಟ್ಟಿಕೊಂಡು ಹೊರಟೇ ಬಿಟ್ಟಿದ್ದಾನೆ ಎಂಬಷ್ಟು ಅಂಜಿಕೆ ಅವನನ್ನು ಹಿಡಿಯಿತು.

ಈ ಅಂಜಿಕೆಯನ್ನು ಅವನು ಶಂಕ್ರವ್ವನಿಗೆ ಹೇಳಬಹುದಿತ್ತು. ಗಂಡಸಾಗಿ ಅಂಜಿಕೆ ಹೇಳಿಕೊಳ್ಳುವುದೆಂತು ಎಂದು ನಾಚಿದ. ಹೇಳುವ ಬದಲು ಅದನ್ನು ಅವಳಿಗೇ ದಾಟಿಸುವ ದಾರಿ ಹುಡುಕಿದ. ಅವಳು ಹೆದರಿ, 'ನನಗೆ ಹೊಲ ಬೇಡ, ನೀವೇ ಇಟ್ಟುಕೊಂಡು ಕಾಳು ಕೊಡಿ' ಎಂದರೆ ಸಾಕು. ಅವಳಿಗೆ ಕಾಳು, ತನಗೆ ಹೊಲ. ಯಾರಿಗೂ ನಷ್ಟವಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಮಣ್ಣೆತ್ತಿನ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಹೊತ್ತಿಗೆ ಅವನು ಹೊಲಕ್ಕೆ ಹೋದ. ಕರಿ ಬಟ್ಟೆಯ ಒಂದು ಗೊಂಬೆ ಮಾಡಿದ್ದ. ಅದಕ್ಕೆ ಹೆಂಡತಿ ಹಳೆ ಸೀರೆಗಳಿಂದ ಹೊದೆಯುವ ಕೌದಿ ಹೊಲೆಯುವ ಸೂಜಿಗಳನ್ನು ಚುಚ್ಚಿದ್ದ. ಗೊಂಬೆಯನ್ನು ಶಂಕ್ರವ್ವನ ಹೊಲದ ಬದುವಿನ ಮೇಲಿಟ್ಟು, ಸುತ್ತ ಕುಂಕುಮ ಚೆಲ್ಲಿ, ಎರಡು ಹೋಳು ನಿಂಬೆಹಣ್ಣು ಇಟ್ಟು ಹಿಂದಿರುಗಿ ನೋಡದೆ ಮನೆಗೆ ಬಂದ.

ಹೊತ್ತೇರುವ ಮೊದಲೇ ಶಂಕ್ರವ್ವ ಓಡಿಬಂದಳು. ಗಿರಿಜಾಳ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು.

"ಭಾವಾರ, ನಮ್ಮ ಹೊಲದಾಗ ಯಾರೋ ಮಾಟ ಮಾಡ್ಯಾರ್ರಿ! ನಾವು ಯಾರಿಗೆ ಏನು ಮಾಡೀವಿ?"

ಮುದಕಪ್ಪ ಅವಳ ಮುಖ ನೋಡಲಾರದೆ ನೆಲ ನೋಡುತ್ತ ಹೇಳಿದ: "ಯಾರಿಗೆ ಗೊತ್ತವ್ವಾ. ಸ್ವಲ್ಪ ದಿನ ಆ ಕಡೆ ಹೋಗಬ್ಯಾಡ."

ಆದರೆ ಶಂಕ್ರವ್ವ ಹೋದಳು. ಹೆಸರುಕಾಳು ಬಿತ್ತಿಯಾಗಿತ್ತು, ಕಳೆ ತೆಗೆಯಬೇಕಿತ್ತು. ಮಕ್ಕಳನ್ನು ಮನೆಯಲ್ಲೇ ಬಿಟ್ಟು, ದೇವರ ಹೆಸರು ಹೇಳಿಕೊಳ್ಳುತ್ತ ಒಬ್ಬಳೇ ಹೋದಳು. ಹಾಗಾಗಿ ಮುದಕಪ್ಪ ನಾಗರ ಅಮಾವಾಸ್ಯೆಗೆ ಇನ್ನೊಂದು ಗೊಂಬೆ ಇಟ್ಟ. ಅದೇ ವಾರ ಈರಮ್ಮನಿಗೆ ಜ್ವರ ಬಂತು. ಮಳೆಗಾಲದಲ್ಲಿ ಊರಿನ ಅರ್ಧ ಮಕ್ಕಳಿಗೆ ಬರುವಂಥದೇ ಜ್ವರ, ನಾಲ್ಕು ದಿನಕ್ಕೆ ಬಿಟ್ಟಿತು. ಆದರೆ ಆ ನಾಲ್ಕು ದಿನ ಸಾಕಾಯಿತು. ಮಾತು ಮನೆಯಿಂದ ಮನೆಗೆ ಹೋಯಿತು. ಕಳೆಗೆ ಬರುವ ಹೆಣ್ಣಾಳುಗಳು ಆ ಹೊಲಕ್ಕೆ ಬರುವುದಿಲ್ಲ ಎಂದರು. ಆಮೇಲೆ ಪಕ್ಕದ ಮುದಕಪ್ಪನ ಹೊಲಕ್ಕೂ ಬರುವುದಿಲ್ಲ ಎಂದರು. ಬಾಡಿಗೆಗೆ ಎತ್ತು ಹೂಡುತ್ತಿದ್ದ ಹುಸೇನಸಾಬ ಕೈಮುಗಿದ.

"ಅಣ್ಣಾರ, ಆ ಬದುವಿನ ಹತ್ರ ಬಂದ್ರ ನನ್ನ ಎತ್ತು ನಿಂತ ಬಿಡ್ತಾವ್ರಿ. ಮೂಕ ಪ್ರಾಣಿಗೆ ಎಲ್ಲಾ ತಿಳಿತೈತಿ."

ಎತ್ತು ನಿಂತದ್ದು ಹುಸೇನಸಾಬ ಹೆದರಿ ಹಗ್ಗ ಜಗ್ಗಿದ್ದಕ್ಕೆ. ಅದು ಅವನಿಗೇ ಗೊತ್ತಿರಲಿಲ್ಲ.

ಶಂಕ್ರವ್ವ ಇನ್ನೂ ಹೊಲ ಬೇಡ ಎನ್ನದಿದ್ದುದರಿಂದ ಮೂರನೆಯ ಗೊಂಬೆಯನ್ನು ಮುದಕಪ್ಪ ಶ್ರಾವಣದ ಅಮಾವಾಸ್ಯೆಗೆ ಇಟ್ಟ. ಆಳು ಸಿಗದೆ ಹೆಸರುಕಾಯಿ ಗಿಡದಲ್ಲೇ ಒಣಗುತ್ತಿತ್ತು. ಮರುದಿನ ಕಳಕವ್ವ, ತಾನಾದರೂ ಒಂದು ಉಡಿ ಬಿಡಿಸಿಕೊಂಡು ಬರೋಣವೆಂದು ಗಂಡನಿಗೆ ಹೇಳದೆ ಹೊಲಕ್ಕೆ ಹೊರಟಳು. ಬದುವಿನ ಮೇಲೆ ಹುಲ್ಲು ಬೆಳೆದಿತ್ತು. ಹುಲ್ಲಿನೊಳಗೆ ಅವಳ ಹಿಮ್ಮಡಿಗೆ ಸೂಜಿ ಚುಚ್ಚಿತು. ಬಗ್ಗಿ ನೋಡಿದಳು. ಕರಿ ಗೊಂಬೆ ಅವಳ ಪಾದದಡಿ ಇತ್ತು.

ಅವಳು ಚೀರಿದ್ದು ಹಳ್ಳದ ಆಚೆಯವರಿಗೂ ಕೇಳಿಸಿತಂತೆ.

ಹಿಮ್ಮಡಿಯ ಬಾವು ಡಾಕ್ಟರರ ಇಂಜೆಕ್ಷನ್ನಿಗೆ ಎಂಟು ದಿನದಲ್ಲಿ ಇಳಿಯಿತು. ಕಳಕವ್ವ ಮಾತ್ರ ಏಳಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ರೊಟ್ಟಿ ಇಟ್ಟರೆ ಒಂದು ತುತ್ತು ಮುರಿದು ಕೈಯಲ್ಲೇ ಹಿಡಿದುಕೊಂಡು ಕೂರುತ್ತಿದ್ದಳು.

"ಅದು ನನ್ನ ಮ್ಯಾಲೆ ಬಂದೈತ್ರಿ. ನಾ ಅದನ್ನ ತುಳದೀನಿ."

"ಹುಚ್ಚಿ, ಅದರಾಗ ಏನೂ ಇಲ್ಲ."

"ನಿಮಗ ಹೆಂಗ ಗೊತ್ರಿ?"

ಮುದಕಪ್ಪ ಎದ್ದು ಹೊರಗೆ ಹೋದ.

ಇನ್ನು ಸಾಕು ಎಂದು ಅವನು ಅಂದೇ ನಿರ್ಧರಿಸಿದ. ಗೊಂಬೆಗಳನ್ನೆಲ್ಲ ಆರಿಸಿ ಸುಟ್ಟುಹಾಕಿದ. ನಾಲ್ಕಾರು ತಿಂಗಳಲ್ಲಿ ಊರು ಮರೆಯುತ್ತದೆ, ಹೆಂಡತಿಯೂ ಮರೆಯುತ್ತಾಳೆ ಎಂದುಕೊಂಡ. ಮಹಾನವಮಿ ಅಮಾವಾಸ್ಯೆ ಬಂತು. ಅವನು ಏನನ್ನೂ ಇಡಲಿಲ್ಲ. ಮರುದಿನ ಬೆಳಿಗ್ಗೆ ಹೊಲ ನೋಡಿಕೊಂಡು ಬರಲು ಹೋದ.

ಬದುವಿನ ಮೇಲೆ ಒಂದು ಗೊಂಬೆ ಕೂತಿತ್ತು.

ಅದು ಕರಿ ಬಟ್ಟೆಯದಲ್ಲ, ಬಿಳಿ ಬಟ್ಟೆಯದು. ಕಾಡಿಗೆಯಿಂದ ಎರಡು ಕಣ್ಣು ಬರೆದಿತ್ತು. ಆ ಕಣ್ಣುಗಳು ಮುದಕಪ್ಪನ ಹೊಲದ ಕಡೆ ನೋಡುತ್ತಿದ್ದವು.

ಮುದಕಪ್ಪ ಸುತ್ತ ನೋಡಿದ. ಬಿಸಿಲು ಬಿದ್ದಿತ್ತು, ಹಕ್ಕಿಗಳು ಕೂಗುತ್ತಿದ್ದವು, ಮನುಷ್ಯನ ಸುಳಿವಿರಲಿಲ್ಲ. ಇದನ್ನು ಯಾರು ಇಟ್ಟರು? ತಾನು ಇಡಲಿಲ್ಲ. ಊರವರು ಯಾರೂ ಈ ಕಡೆ ಬರುವುದೇ ಇಲ್ಲ. ಹಾಗಾದರೆ ಯಾರು? ಸತ್ತ ತಮ್ಮನ ಮುಖ ನೆನಪಾಯಿತು. ಅಷ್ಟೇ, ಮುದಕಪ್ಪ ಅಲ್ಲಿಂದ ಓಡಿದ. ಐವತ್ತೆಂಟು ವರ್ಷದ ಮನುಷ್ಯ ಚಪ್ಪಲಿಯನ್ನು ಅಲ್ಲೇ ಬಿಟ್ಟು ಓಡಿದ.

ಮಾಟವೆಲ್ಲ ಸುಳ್ಳೆಂದು ಆ ಊರಿನಲ್ಲಿ ಖಚಿತವಾಗಿ ಗೊತ್ತಿದ್ದದ್ದು ಅವನೊಬ್ಬನಿಗೇ. ಅಂಥವನೇ ಈಗ ಎಲ್ಲರಿಗಿಂತ ಹೆಚ್ಚು ಹೆದರಿದ. ಬೆಳಿಗ್ಗೆ ಹೊಸ್ತಿಲು ದಾಟುವ ಮೊದಲು ನೆಲವನ್ನೆಲ್ಲ ಕಣ್ಣಾಡಿಸುತ್ತಿದ್ದ. ಹಿಂದಿನಿಂದ ಯಾರಾದರೂ ಕರೆದರೆ ಬೆಚ್ಚುತ್ತಿದ್ದ. ಹಿಂಗಾರಿ ಜೋಳ ಬಿತ್ತುವ ಹದ ಬಂದು ಹೋಯಿತು. ಎಂಟು ಎಕರೆಯೂ ಹಾಳುಬಿದ್ದವು.

ದಸರೆಯಲ್ಲಿ ಬನ್ನಿ ಕೊಡಲು ಬಂದ ಶಂಕ್ರವ್ವ ಕಣ್ಣೀರಿಟ್ಟಳು. "ಭಾವಾರ, ಆ ಹೊಲ ನಮಗ ಬ್ಯಾಡ್ರಿ. ನೀವೇ ನಿಮ್ಮ ಹೆಸರಿಗೆ ಹಚ್ಚಿಕೊಳ್ರಿ. ನನ್ನ ಮಕ್ಕಳ ಜೀವ ಉಳಿದ್ರ ಸಾಕು."

ಯುಗಾದಿಯಿಂದ ಯಾವ ಮಾತಿಗಾಗಿ ಕಾದಿದ್ದನೋ ಅದೇ ಮಾತು. ಮುದಕಪ್ಪ ಎರಡು ಹೆಜ್ಜೆ ಹಿಂದೆ ಸರಿದ.

"ನನಗೂ ಬ್ಯಾಡ," ಎಂದ.

ಶಂಕ್ರವ್ವ ಬಿಳಿಚಿಕೊಂಡಳು. ಭಾವನೇ ಹೀಗೆ ಹೆದರಿದ ಮೇಲೆ ತನ್ನ ಗತಿಯೇನು ಎಂದು ಮಕ್ಕಳನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿಕೊಂಡಳು. ಒಂದು ಗೋಡೆಯ ಆಚೆ ಅವರು, ಈಚೆ ಇವರು. ಎರಡೂ ಮನೆಯಲ್ಲಿ ಮಾತು ನಿಂತಿತು.

ದೀಪಾವಳಿ ಹೊತ್ತಿಗೆ ಕಳಕವ್ವ ಗಂಜಿಯನ್ನಷ್ಟೇ ಕುಡಿಯುತ್ತಿದ್ದಳು. ಬಳೆಗಳು ಮೊಣಕೈವರೆಗೂ ಸರಿಯುತ್ತಿದ್ದವು. ಇನ್ನೂ ಸುಮಾರು ಎರಡು ತಿಂಗಳು ಕಳೆದ ಮೇಲೆ ಡಾಕ್ಟರರು ಪರೀಕ್ಷೆ ಮಾಡಿ, ದೇಹದಲ್ಲಿ ರೋಗ ಇಲ್ಲ, ಆದರೆ ಹೀಗೇ ಊಟ ಬಿಟ್ಟರೆ ಬಹಳ ದಿನ ಉಳಿಯುವುದಿಲ್ಲ ಎಂದರು. ಮನೆಗೆ ಬಂದು ಮುದಕಪ್ಪ ಹೆಂಡತಿಯ ಪಕ್ಕ ಕೂತ. ಹೇಳಿದರೆ ಮಾನ ಹೋಗುತ್ತದೆ. ಹೇಳದಿದ್ದರೆ ಇವಳೇ ಹೋಗುತ್ತಾಳೆ. ಕೊನೆಗೆ ಅಂದ:

"ಆ ಗೊಂಬಿ ಇಟ್ಟಾವ ನಾನು. ನಿನ್ನ ಕಾಲಿಗೆ ಚುಚ್ಚಿದ್ದು ನಿನ್ನ ಕೌದಿ ಸೂಜಿ."

ಎಷ್ಟೋ ದಿನದ ಮೇಲೆ ಕಳಕವ್ವ ಗೋಡೆಯಿಂದ ಈ ಕಡೆ ತಿರುಗಿದಳು. ಅವನು ಎಲ್ಲವನ್ನೂ ಹೇಳಿದ. ಅವಳು ಕೇಳಿ, ಸಣ್ಣ ದನಿಯಲ್ಲಿ ಪ್ರಶ್ನಿಸಿದಳು:

"ಮತ್ತ ಆ ಬಿಳಿ ಗೊಂಬಿ?"

"ಅದು ನಂದಲ್ಲ."

"ಹಂಗಾರ ಮಾಟ ಐತಿ ಬಿಡ್ರಿ," ಎಂದು ಅವಳು ಮತ್ತೆ ಗೋಡೆಗೆ ತಿರುಗಿದಳು.

ಹೆಂಡತಿಗೆ ಹೇಳಿದರೆ ಮುಗಿಯುತ್ತದೆ ಎಂದುಕೊಂಡಿದ್ದ ಮುದಕಪ್ಪನಿಗೆ ಈಗ ಉಳಿದದ್ದು ಒಂದೇ ದಾರಿ. ಯಾರಿಗೆ ಅನ್ಯಾಯ ಮಾಡಿದ್ದನೋ ಅವಳ ಬಾಗಿಲಿಗೇ ಹೋದ. ಒಳಗೆ ಹೋಗಲು ಧೈರ್ಯ ಬಾರದೆ ಕಟ್ಟೆಯ ಮೇಲೆ ನಿಂತು, ಈರಮ್ಮ ಗಿರಿಜಾ ಇಬ್ಬರ ಎದುರಿಗೇ, ಅಳಿಯಂದಿರ ಅಂಜಿಕೆಯಿಂದ ಹಿಡಿದು ಮೂರನೆಯ ಗೊಂಬೆಯವರೆಗೆ ಒಂದೂ ಬಿಡದೆ ಹೇಳಿದ.

ಶಂಕ್ರವ್ವ ಕುಸಿದು ಕೂತಳು. ಬೈಯಲಿಲ್ಲ.

"ಭಾವಾರ, ಬಿಳೇದು ನಂದ್ರಿ."

"ಏನಂದಿ?"

"ಪಕ್ಕದೂರಾಗ ಒಬ್ಬಾಂವ ಹೇಳಿದ. ಬಿಳಿ ಗೊಂಬಿ ಮಾಡಿ ಇಡು, ಯಾರು ಮಾಡಿಸ್ಯಾರೋ ಅವರಿಗೇ ತಿರುಗಿ ಬಡಿತೈತಿ ಅಂತ. ಇಟ್ಟು ಬಂದೆ. ಅವತ್ತಿನಿಂದ ಅಕ್ಕ ದಿನಾ ಇನ್ನೂ ಹೆಚ್ಚು ಸೊರಗಾಕ ಹತ್ತಿದ್ರು. ನಾನ ಅಕ್ಕನ್ನ ಕೊಲ್ಲಾಕ ಹತ್ತೀನೇನೋ ಅಂತ ನನ್ನ ಎದಿ ಒಡದು ಹೋಗೈತ್ರಿ."

ಗೋಡೆಯ ಎರಡೂ ಕಡೆ ಒಬ್ಬರಿಗೊಬ್ಬರು ಅಂಜಿಕೊಂಡು ಇಷ್ಟು ದಿನ ಕಳೆದಿದ್ದರು. ಶಂಕ್ರವ್ವ ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಹೇಳಿದಳು:

"ಅಳಿಯಂದಿರ ಅಂಜಿಕಿ ಇತ್ತಂದ್ರ ನನಗೊಂದು ಮಾತು ಕೇಳಬೇಕಿತ್ತಲ್ರಿ. ನಿಮಗಾದ್ರೂ ಯಾರದಾರ? ನಾಳೆ ನಿಮ್ಮ ಹಿಂದ ಆ ಹೊಲಕ್ಕ ಚರಗ ಚೆಲ್ಲಾವ್ರು ಈ ಹುಡುಗ್ಯಾರ ಅಲ್ಲೇನ್ರಿ?"

ಎಳ್ಳ ಅಮಾವಾಸ್ಯೆಗೆ ಎಲ್ಲರೂ ಕೂಡಿ ಹೊಲಕ್ಕೆ ಹೋಗೋಣ ಎಂದ ಮುದಕಪ್ಪ.

ನಾಲ್ಕು ದಿನಕ್ಕೆ ಎಳ್ಳ ಅಮಾವಾಸ್ಯೆ. ಎಲ್ಲರೂ ಬುತ್ತಿ ಕಟ್ಟಿಕೊಂಡು ತಮ್ಮ ತಮ್ಮ ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯಾಗಿ ಅಡುಗೆಯ ಚರಗ ಚೆಲ್ಲುವ ದಿನ. ಮುದಕಪ್ಪ ಹೆಂಡತಿಯನ್ನು ಕೈಗಾಡಿಯಲ್ಲಿ ಕೂರಿಸಿಕೊಂಡು ನಡುಮಧ್ಯಾಹ್ನ ಹೊಲಕ್ಕೆ ಕರೆದೊಯ್ದ. ಶಂಕ್ರವ್ವ ಮಕ್ಕಳೊಂದಿಗೆ ಮೊದಲೇ ಬಂದಿದ್ದಳು. ಬಿಳಿ ಗೊಂಬೆ ಮಳೆಗೆ ನೆನೆದು, ಬಿಸಿಲಿಗೆ ಒಣಗಿ ಇನ್ನೂ ಅಲ್ಲೇ ಇತ್ತು. ಮುದಕಪ್ಪ ಮುಂದೆ ಹೆಜ್ಜೆ ಇಟ್ಟ, ನಿಂತ. ನಿಜ ಗೊತ್ತಿದ್ದರೂ ಕೈ ಮುಂದೆ ಹೋಗಲಿಲ್ಲ. ಶಂಕ್ರವ್ವನೇ ಬಗ್ಗಿ ಅದನ್ನು ಎತ್ತಿಕೊಂಡಳು. ಹೊಲಿಗೆ ಬಿಚ್ಚಿ ಒಳಗಿನ ಹತ್ತಿಯನ್ನು ಕಳಕವ್ವನ ಅಂಗೈಗೆ ಹಾಕಿದಳು.

"ನೋಡ್ರಿ ಅಕ್ಕಾ. ನನ್ನ ಹರಕ ಕುಪ್ಪಸದ ಅಸ್ತರಿ, ನಮ್ಮ ಹಾಸಗಿ ಹತ್ತಿ. ಇಷ್ಟ ಐತಿ ಇದರಾಗ."

ಕಳಕವ್ವ ಹತ್ತಿಯನ್ನು ಬೆರಳಿನಿಂದ ಹಿಂಜಿ ಹಿಂಜಿ ನೋಡಿದಳು. ಸಂಜೆಯವರೆಗೂ ಶಂಕ್ರವ್ವನಿಂದ ಕಣ್ಣು ತೆಗೆಯಲಿಲ್ಲ, ಗೊಂಬೆ ಮುಟ್ಟಿದ ಅವಳಿಗೇನಾದರೂ ಆಗುತ್ತದೋ ಎಂದು. ಏನೂ ಆಗಲಿಲ್ಲ. ಹೊತ್ತು ಮುಳುಗುವ ಮುಂಚೆ ಅರ್ಧ ಸಜ್ಜೆ ರೊಟ್ಟಿ ತಿಂದಳು. ಮರುದಿನ ಒಂದು ತಿಂದಳು.

ಮುಂದಿನ ಯುಗಾದಿಯೊಳಗೆ ಮುದಕಪ್ಪನೇ ಮುಂದೆ ನಿಂತು ನಾಲ್ಕು ಎಕರೆಯನ್ನು ಶಂಕ್ರವ್ವ ಮತ್ತು ಅವಳ ಮಕ್ಕಳ ಹೆಸರಿಗೆ ಪಹಣಿಯಲ್ಲಿ ಹಚ್ಚಿಸಿಕೊಟ್ಟ. ಕಳಕವ್ವ ಎದ್ದು ಓಡಾಡುವಂತಾದಳು. ಆದರೆ ಹುಡುಗಿಯರು ಮೊದಲಿನಂತೆ ದೊಡ್ಡಪ್ಪನ ಹಿಂದೆ ಹೊಲಕ್ಕೆ ಹೋಗುತ್ತಿರಲಿಲ್ಲ. ಅವನು ಕರೆದರೆ ಅವ್ವನ ಮುಖ ನೋಡುತ್ತಿದ್ದರು.

ಊರವರದು ಇನ್ನೂ ಕಷ್ಟವಾಯಿತು. ಮುದಕಪ್ಪ ಹುಸೇನಸಾಬನ ಮನೆಗೆ ಹೋದ, ಕಳೆಯ ಹೆಣ್ಣಾಳುಗಳ ಮನೆ ಮನೆಗೆ ಹೋದ. "ಅದೆಲ್ಲಾ ನಾನೇ ಮಾಡಿದ್ದು, ಮಾಟ ಗೀಟ ಏನೂ ಇಲ್ಲ," ಎಂದು ಎಲ್ಲರೆದುರು ತಲೆ ತಗ್ಗಿಸಿ ಹೇಳಿದ. ಅವರು ಕೇಳಿಸಿಕೊಂಡರು. ಪಾಪ, ಹೊಲ ಬೀಳುಬಿದ್ದದ್ದಕ್ಕೆ ಹೀಗೆ ಹೇಳುತ್ತಾನೆ ಎಂದುಕೊಂಡರು. ಆ ಮುಂಗಾರಿಯಲ್ಲಿ ಮುದಕಪ್ಪ, ಕಳಕವ್ವ, ಶಂಕ್ರವ್ವ ಮೂವರೇ ಎಂಟು ಎಕರೆಗೂ ಬಗ್ಗಿ ಕಳೆ ತೆಗೆದರು. ಆಚೆ ದಾರಿಯಲ್ಲಿ ಹೋಗುವವರು ಆ ಬದು ಬಂದ ಕೂಡಲೇ ಮಾತು ನಿಲ್ಲಿಸಿ, ದಾರಿ ಬಿಟ್ಟು, ಹಳ್ಳ ಸುತ್ತಿಕೊಂಡು ಹೋಗುತ್ತಿದ್ದರು. ಮುದಕಪ್ಪ ಕೆಲಸ ಬಿಟ್ಟು ನಿಂತು, ಅವರು ಕಣ್ಣಿಗೆ ಮರೆಯಾಗುವವರೆಗೂ ನೋಡುತ್ತಿದ್ದ.

ನೀತಿ: ನಮ್ಮ ಮನಸ್ಸಿನಲ್ಲಿ ಅಂಜಿಕೆ ಹುಟ್ಟಿದರೆ ಅದನ್ನು ನಮ್ಮವರ ಮುಂದೆ ಬಾಯಿಬಿಟ್ಟು ಹೇಳಬೇಕು. ಹೇಳದೆ ಅದನ್ನೇ ಇನ್ನೊಬ್ಬರಿಗೆ ದಾಟಿಸಲು ಹೋದರೆ ಅದು ಮೊದಲು ನಮ್ಮ ಮನೆಗೇ ಬರುತ್ತದೆ. ತಪ್ಪನ್ನು ಒಪ್ಪಿಕೊಂಡರೆ ಮನೆ ಉಳಿಯಬಹುದು. ಆದರೆ ಊರಿಗೆಲ್ಲ ಹಂಚಿದ ಭಯವನ್ನು ಮರಳಿ ಪಡೆಯುವುದು ಹಂಚಿದವನ ಕೈಯಲ್ಲಿ ಇರುವುದಿಲ್ಲ.