ಮೆಟ್ಟಿಲ ಕೆಳಗಿನ ಮೂರಡಿಗೊಂದು ಕಂಪ್ಯೂಟರ್

ಒಂದು ತಾಲ್ಲೂಕು ಕಚೇರಿ, ಅದಕ್ಕೊಂದು ಮೆಟ್ಟಿಲು, ಮೆಟ್ಟಿಲ ಕೆಳಗೆ ಮೂರಡಿ ಜಾಗ. ಆ ಮೂರಡಿಯಲ್ಲಿ ಒಬ್ಬಳು ತಾಯಿ, ಅವಳಿಗೊಬ್ಬ ಮಗ. ತಾಯಿ ಟೈಪಿಸ್ಟು, ಮಗ ಪೆದ್ದ. ಕತೆ ಇಷ್ಟೇ. ಉಳಿದದ್ದೆಲ್ಲ ಮಗ ತಾಯಿಯ ಮಾತು ಕೇಳಿದ್ದರಿಂದ ಆದದ್ದು.

ತಾಯಿ ರುದ್ರಾಣಮ್ಮ. ಮೂವತ್ತೊಂದು ವರ್ಷದಿಂದ ಊರವರ ಅರ್ಜಿ, ತಕರಾರು, ಅಫಿಡವಿಟ್ಟುಗಳನ್ನೆಲ್ಲ ಅಲ್ಲೇ ಕೂತು ಕುಟ್ಟಿದವಳು. ಈಗ ಕೈ ನಡುಗುತ್ತಿತ್ತು, ಒಂದಕ್ಷರ ಹೊಡೆದರೆ ಎರಡು ಬೀಳುತ್ತಿತ್ತು. ಮಗ ತೋಂಟದಾರ್ಯ, ಊರಿಗೆಲ್ಲ ತೋಂಟ. ಮೂವತ್ತೆಂಟು ವರ್ಷ. ಹೇಳಿದ್ದನ್ನು ಮಾಡುತ್ತಿದ್ದ, ಹೇಳಿದ್ದನ್ನಷ್ಟೇ ಮಾಡುತ್ತಿದ್ದ. ಒಲೆಯ ಮೇಲಿನ ಅನ್ನವನ್ನು ನೋಡುತ್ತಿರು ಅಂದರೆ ಅದು ಸೀದು ಕರಕಲಾಗುವವರೆಗೂ ನೋಡುತ್ತಿದ್ದ.

ಆದರೆ ಅವನಿಗೆ ಟೈಪಿಂಗ್ ಬರುತ್ತಿತ್ತು. ಕೊಟ್ಟದ್ದನ್ನು ಕೊಟ್ಟ ಹಾಗೇ ಹೊಡೆಯುತ್ತಿದ್ದ. ಅರ್ಥವಾದವರು ತಾನೇ ತಪ್ಪು ಮಾಡೋದು! ಆ ಕಚೇರಿಯೊಳಗೆ ಸಂಬಳ ಎಣಿಸುವ ಅರ್ಧ ಜನರ ಯೋಗ್ಯತೆಯೂ ಅಷ್ಟೇ. ಹಾಗಾಗಿ ರುದ್ರಾಣಮ್ಮನಿಗೆ ಒಂದು ಧೈರ್ಯವಿತ್ತು. ತಾನು ಸತ್ತ ಮೇಲೆ ಇವನು ಈ ಮೂರಡಿಯಲ್ಲಿ ಕೂತು ಉಣ್ಣಬಹುದು. ಇಲ್ಲಿ ಬಿಟ್ಟರೆ ಬೇರೆಲ್ಲೂ ಇವನಿಗೆ ಯಾರೂ ಒಂದು ತುತ್ತು ಹಾಕುವುದಿಲ್ಲ ಅನ್ನುವುದೂ ಅವಳಿಗೆ ಗೊತ್ತಿತ್ತು.

ಒಂದು ಶನಿವಾರ ಗೋಡೆಗೆ ನೋಟೀಸು ಅಂಟಿತು. ಇನ್ನು ಟೈಪ್‌ರೈಟರ್ ನಡೆಯುವುದಿಲ್ಲ, ಕಂಪ್ಯೂಟರ್ ಇದ್ದವರಿಗೆ ಮಾತ್ರ ಜಾಗ. ಅರವತ್ತು ದಾಟಿದವರು ಮಕ್ಕಳ ಹೆಸರಲ್ಲಿ ಅರ್ಜಿ ಹಾಕಬಹುದು. ಬರುವ ಶುಕ್ರವಾರ ಸಾಹೇಬರೇ ಬಂದು ನೋಡಿ, ವಿಚಾರಿಸಿ, ಬರೆದುಕೊಡುತ್ತಾರೆ.

ರುದ್ರಾಣಮ್ಮ ಅವತ್ತೇ ತೋಂಟನ ಹೆಸರಲ್ಲಿ ಅರ್ಜಿ ಹಾಕಿದಳು. ಆಮೇಲೆ ಒಳಗಿನ ಕಂಪ್ಯೂಟರ್ ಆಪರೇಟರ್ ಶಕೀಲಾಳನ್ನು ಕೇಳಿದಳು.

"ಮೇಜು ನೋಡಿದ್ರೆ ಇಷ್ಟೇ ಇದೆ ಕಣಮ್ಮ. ದೊಡ್ಡ ಡಬ್ಬ ಇಟ್ರೆ ನಾವು ಎಲ್ಲಿ ಕೂರೋದು?"

"ಮಿನಿ ಡೆಸ್ಕ್‌ಟಾಪ್ ಅಂತ ಬರುತ್ತೆ ಅಮ್ಮ, ಟಿಫನ್ ಡಬ್ಬಿಯಷ್ಟು. ನಿಮ್ಮ ಕೆಲಸಕ್ಕೆ ಧಾರಾಳ ಆಯ್ತು." ಶಕೀಲಾ ಚೀಟಿ ಬರೆದುಕೊಟ್ಟಳು: ಎಂಟು ಜಿಬಿ ರ‍್ಯಾಮ್, ಎಸ್‌ಎಸ್‌ಡಿ, ಪ್ರಿಂಟರ್ ಸಿಕ್ಕಿಸಲು ಜಾಗ.

ತಾನೇ ಹೋಗಿ ತರಬಹುದಿತ್ತು. ಹೋಗುವಂತಿರಲಿಲ್ಲ. ಪಕ್ಕದಲ್ಲಿ ಛಾಪಾಕಾಗದ ಮಾರುವ ಪಾಲಾಕ್ಷಪ್ಪನಿದ್ದ. ಅವನೂ ಒಂದು ಕಂಪ್ಯೂಟರ್ ತಂದಿಟ್ಟು, ಈ ಮೂರಡಿಗೇ ಅರ್ಜಿ ಹಾಕಿದ್ದ. ಅವನ ಮೇಜು ವರ್ಷಕ್ಕೆ ನಾಲ್ಕು ಬೆರಳು ಈ ಕಡೆ ಸರಿಯುತ್ತಿತ್ತು. ಇವಳು ಒಂದು ದಿನ ಎದ್ದು ಹೋದರೆ ಮಾರನೇ ದಿನ ಅಲ್ಲಿ ಅವನ ಸ್ಟೂಲು ಇರುತ್ತಿತ್ತು. ಹಾಗಾಗಿ ಜಾಗ ಕಾಯಲು ಬುದ್ಧಿಯಿದ್ದವಳು ಕೂತಳು, ಕಂಪ್ಯೂಟರ್ ಆರಿಸಲು ಪೆದ್ದ ಹೊರಟ.

"ಇದ್ದದ್ದರಲ್ಲೇ ಚಿಕ್ಕದು ತಾ. ಚೀಟಿ ಜೇಬಲ್ಲಿಟ್ಕೋ, ಕಳೀಬೇಡ."

"ಆಗಲವ್ವ."

ಸೋಮವಾರ ತೋಂಟ ಬಸ್ಸು ಹತ್ತಿ ದುರ್ಗಕ್ಕೆ ಹೋದ. ಅಂಗಡಿಯವನು ಒಂದು ತೋರಿಸಿದ.

"ಇದಕ್ಕಿಂತ ಚಿಕ್ಕದು!"

ಇನ್ನೊಂದು ತೋರಿಸಿದ.

"ಇದಕ್ಕಿಂತ ಚಿಕ್ಕದು!"

ಕಡೆಗೆ ಅಂಗಡಿಯವನು ಹೆಬ್ಬೆರಳಷ್ಟಿದ್ದ ಒಂದು ಕಡ್ಡಿ ತೆಗೆದಿಟ್ಟ. "ಇದಕ್ಕಿಂತ ಚಿಕ್ಕದು ಅಂದ್ರೆ ಈ ಅಂಗಡೀಲಿ ನನ್ನ ಲಾಭ ಒಂದೇ ಸರ್."

ತೋಂಟ ಕಡ್ಡಿ ತಂದ. ತಾಯಿ ತಿರುಗಿಸಿ ತಿರುಗಿಸಿ ನೋಡಿದಳು.

"ಇದು ಟೀವಿ ಬೆನ್ನಿಗೆ ಸಿಕ್ಕಿಸಿ ಸಿನಿಮಾ ನೋಡೋದಲ್ವೇನೋ! ತಾಲ್ಲೂಕು ಕಚೇರೀಲಿ ಸಿನಿಮಾ ಹಾಕ್ತೀಯಾ?"

"ಚಿಕ್ಕದು ಅಂದೆ."

"ಚೀಟಿ ತೋರಿಸಲಿಲ್ವಾ?"

"ಜೇಬಲ್ಲಿದೆ. ಕಳೀಬೇಡ ಅಂದೆ."

"ಬಿಡಿ ರುದ್ರಾಣಕ್ಕ," ಪಾಲಾಕ್ಷಪ್ಪ ನಕ್ಕ. "ಹೊರೋ ಕಷ್ಟವಾದ್ರೂ ಉಳಿಸಿದ್ದಾನೆ."

"ಮುಂಡೇದೇ!" ತಾಯಿ ಹಣೆ ಚಚ್ಚಿಕೊಂಡಳು. "ಇದನ್ನ ವಾಪಸ್ ಕೊಡು. ಚೀಟಿ ತೋರಿಸು. ಹತ್ತು ಗಂಟೆಯಿಂದ ಐದೂವರೆ ತನಕ ನಮ್ಮ ಕೆಲಸ ಅದು ಮಾಡುತ್ತಾ ಅಂತ ಕಣ್ಣಾರೆ ನೋಡ್ಬೇಕು. ಈ ಅಫಿಡವಿಟ್ಟು ತಗೊಂಡು ಹೋಗು, ಅವರ ಕೈಲೇ ಹೊಡೆಸಿ ನೋಡು."

"ಆಗಲವ್ವ."

ಮಂಗಳವಾರ ತೋಂಟ ಕಡ್ಡಿ ವಾಪಸ್ ಕೊಟ್ಟ, ಚೀಟಿ ತೋರಿಸಿದ. ಅಂಗಡಿಯವನು ಸರಿಯಾದ ಪೆಟ್ಟಿಗೆಯನ್ನೇ ತೆಗೆದು, ಸ್ಕ್ರೀನ್ ಸಿಕ್ಕಿಸಿ, ಚಾಲೂ ಮಾಡಿದ. ಅಂಗಡಿಯ ಹೆಂಗಸು ಅಫಿಡವಿಟ್ಟು ಹೊಡೆದು, ಪ್ರಿಂಟ್ ತೆಗೆದು ಕೊಟ್ಟಳು.

"ಆಯ್ತಾ ಸರ್?"

"ಇನ್ನೊಂದು."

"ಈಗ?"

"ಇನ್ನೊಂದು."

ಊಟದ ಹೊತ್ತಾಯಿತು, ಟೀ ಹೊತ್ತಾಯಿತು. ತೋಂಟ ಗೋಡೆ ಗಡಿಯಾರ ನೋಡುತ್ತಲೇ ಕೂತ. ಐದೂವರೆ ಹೊಡೆಯಿತು. ಕೈಮುಗಿದು ಎದ್ದು ಬಂದ.

ನಾಗೇನಹಳ್ಳಿ ತಿಪ್ಪಯ್ಯ ಎಂಬಾತ ಸತ್ತಿರುವುದು ನಿಜ ಎಂದು ಪ್ರಮಾಣ ಮಾಡುವ ನಲವತ್ತಾರು ಪ್ರತಿಗಳು ತಾಯಿಯ ಮಡಿಲಿಗೆ ಬಿದ್ದವು.

"ಕಂಪ್ಯೂಟರ್ ಎಲ್ಲೋ?"

"ಅಂಗಡೀಲಿದೆ. ಚೆನ್ನಾಗಿ ಕೆಲಸ ಮಾಡುತ್ತವ್ವ."

"ತಿಪ್ಪಯ್ಯ ಒಂದು ಸಲ ಸತ್ತದ್ದು ಸಾಲಲಿಲ್ವೇನೋ! ಬರಿಗೈಲಿ ಬಂದ್ಯಲ್ಲೋ, ಪೆದ್ದು ಮುಂಡೇದೇ! ನೋಡಿದ್ದು ಸಾಕು. ನಾಳೆ ದುಡ್ಡು ಕೊಡು, ಪೆಟ್ಟಿಗೆ ತಗೋ. ಎರಡೂ ಕೈಲಿ ಹಿಡ್ಕೋ. ಮನೆ ಮುಟ್ಟೋ ತನಕ ಬಿಡಬೇಡ, ಯಾರಿಗೂ ಕೊಡಬೇಡ. ದಾರೀಲಿ ಯಾರು ಏನು ಕೊಟ್ರೂ ಮುಟ್ಟಬೇಡ."

"ಆಗಲವ್ವ."

ಬುಧವಾರ ತೋಂಟ ಬೋರ್ಡಿನ ಮೇಲೆ ಬರೆದಿದ್ದ ಬೆಲೆಯಷ್ಟೂ ಕೊಟ್ಟು ಪೆಟ್ಟಿಗೆ ತಗೊಂಡ, ಎರಡೂ ಕೈಲಿ ಅವುಚಿಕೊಂಡ.

"ಸರ್, ಕೀಬೋರ್ಡು, ಮೌಸು! ಇದರ ಜೊತೆಗೇ ಬರುತ್ತೆ."

"ಮುಟ್ಟಲ್ಲ."

"ಸ್ಕ್ರೀನ್ ಇದೆಯಾ ಮನೇಲಿ?"

"ಮುಟ್ಟಲ್ಲ."

ಬಸ್ಸಿನಲ್ಲಿ ಕಂಡಕ್ಟರ್ ಬಂದ. ಟಿಕೆಟ್ಟಿನ ದುಡ್ಡು ಜೇಬಲ್ಲಿತ್ತು, ಕೈ ಪೆಟ್ಟಿಗೆಯ ಮೇಲಿತ್ತು.

"ಕೈ ಬಿಡೋ ಹಾಗಿಲ್ಲ."

"ಹಂಗಾದ್ರೆ ಕಾಲಿಗೆ ಕೆಲಸ ಕೊಡಪ್ಪ," ಅಂದ ಕಂಡಕ್ಟರ್. ಸೀಟಿ ಊದಿ ಇಳಿಸಿದ.

ತೋಂಟ ಉರಿಬಿಸಿಲಲ್ಲಿ ನಡೆದು ಬಂದ. ಕಚೇರಿಯ ಮುಂದೆ ತಾಯಿ ಕೈಚಾಚಿ ನಿಂತಿದ್ದಳು. ಅವಳಿಗೂ ಕೊಡಲಿಲ್ಲ, ಅವಳನ್ನು ದಾಟಿಕೊಂಡು ಸೀದಾ ಮನೆಗೆ ಹೋದ. ಬಾಗಿಲು ಮುಟ್ಟಿದ ಮೇಲೇ ಕೈ ಸಡಿಲಿಸಿದ್ದು. ಹಿಮ್ಮಡಿ ಬಿರಿದು ರಕ್ತ ಬಂದಿತ್ತು.

ಸಂಜೆ ಕಚೇರಿ ಮುಚ್ಚಿದ ಮೇಲೆ ತಾಯಿ ಮನೆಗೆ ಬಂದು ಪೆಟ್ಟಿಗೆ ಬಿಚ್ಚಿದಳು. ಕಪ್ಪಗೆ, ಚೌಕಾಗಿ, ಅಂಗೈ ಮೇಲೆ ಕೂರುವಂಥದ್ದು. ಶಕೀಲಾಳ ಚೀಟಿಯಲ್ಲಿದ್ದದ್ದು ಒಂದೂ ತಪ್ಪಿರಲಿಲ್ಲ. ನಡುಗುವ ಕೈಯನ್ನು ಅದರ ಮೇಲಿಟ್ಟಳು. "ಇದೇ ಕಣೋ," ಅಂದಳು. ಮೂರು ದಿನದಲ್ಲಿ ಅವಳು ಅವನಿಗೆ ಆಡಿದ ಒಳ್ಳೆಯ ಮಾತು ಅದೊಂದೇ.

"ಎಲ್ಲಿ, ಕೀಬೋರ್ಡು? ಸ್ಕ್ರೀನು?"

"ಕೊಡಕ್ಕೆ ಬಂದ್ರು. ಮುಟ್ಟಲಿಲ್ಲ."

"ದುಡ್ಡು?"

"ಬರೆದಿದ್ದಷ್ಟೂ ಕೊಟ್ಟೆ."

"ಅಯ್ಯೋ ನನ್ನ ಕರ್ಮವೇ! ಚೌಕಾಸಿ ಮಾಡೋದು ಬೇಡ್ವೇನೋ! ಕೇಳು. ನಾಳೆ ಸ್ಕ್ರೀನಿಗೆ ಹೋಗ್ತೀಯಲ್ಲ, ಏನು ಕೇಳಿದ್ರೂ ಬೇಡ ಅನ್ನು. ಪಕ್ಕದಲ್ಲಿ ನಿಂತವರು 'ಬೇಕು ಅನ್ನಿ' ಅಂತಾರೆ, ಕಿವಿಗೆ ಹಾಕ್ಕೋಬೇಡ. ಎದ್ದು ನಡಿ. ಹಿಂದಿಂದ ಕೂಗ್ತಾರೆ, ಮೊದಲನೇ ಕೂಗಿಗೆ ತಿರುಗಬೇಡ, ಎರಡನೇದಕ್ಕೂ ತಿರುಗಬೇಡ. ಮೂರನೇ ಕೂಗಿಗೆ ಬಾ. ಅಷ್ಟರಲ್ಲಿ ಇಳಿದಿರ್ತಾರೆ."

"ಆಗಲವ್ವ."

ಗುರುವಾರ ಬೆಳಿಗ್ಗೆ ರುದ್ರಾಣಮ್ಮ ಟೈಪ್‌ರೈಟರ್ ಇಳಿಸಿ, ಟವೆಲ್ ಹಾಸಿ, ಮೇಜಿನ ಮೇಲೆ ಪೆಟ್ಟಿಗೆ ಇಟ್ಟಳು. ತೋಂಟ ಬಸ್ಸಿಗೆ ಹೊರಟು ನಿಂತಿದ್ದ. ಅಷ್ಟರಲ್ಲಿ ಸಾಹೇಬರ ಜೀಪು ಬಂತು. ಶುಕ್ರವಾರ ಅವರಿಗೆ ಬೇರೆ ಮೀಟಿಂಗ್ ಇತ್ತಂತೆ.

ಸಾಹೇಬರು ಕೆಟ್ಟವರಲ್ಲ. ಮೆಟ್ಟಿಲ ಕೆಳಗೆ ಬಗ್ಗಿ ನೋಡಿದರು.

"ಇದೇ ಕಂಪ್ಯೂಟರಾ? ಪರವಾಗಿಲ್ವೇ, ಜಾಗಾನೇ ತಿನ್ನಲ್ಲ. ಸ್ಕ್ರೀನ್?"

"ಇವತ್ತು ಬರುತ್ತೆ ಸ್ವಾಮಿ. ಮಗ ಅದಕ್ಕೇ ಹೊರಟಿದ್ದಾನೆ."

"ಆಯ್ತು ಬಿಡಿ. ಯಂತ್ರ ಇದೆಯಲ್ಲ, ಸಾಕು. ಒಳಗೆ ಕಳಿಸಿ, ಒಂದು ಮಾತು ಕೇಳಿ ಸಹಿ ಹಾಕ್ತೀನಿ."

ರುದ್ರಾಣಮ್ಮ ತೋಂಟನ ಜೊತೆ ಎದ್ದಳು. ಜವಾನ ತಡೆದ.

"ಅರ್ಜೀಲಿ ಹೆಸರಿದ್ದವರು ಮಾತ್ರ ಅಮ್ಮಾರೇ. ನಿಮ್ಮ ಹೆಸರು ಈಗ ಇಲ್ಲ."

ತೋಂಟ ಒಳಗೆ ಹೋದ. ಆ ಕೋಣೆಯ ಕಿಟಕಿ ಅವಳ ತಲೆಯ ಮೇಲೇ ಇತ್ತು. ಸ್ಟೂಲು ಹತ್ತಿ ಕಂಬಿ ಹಿಡಿದು ನಿಂತಳು.

"ಬನ್ನಿ ತೋಂಟದಾರ್ಯ, ಕೂತ್ಕೊಳ್ಳಿ."

"ಬೇಡ."

"ಹೆದರಬೇಡ್ರೀ. ನೀರು ಕುಡೀತೀರಾ?"

"ಬೇಡ."

ಕಿಟಕಿಯಾಚೆ ರುದ್ರಾಣಮ್ಮನಿಗೆ ನಿನ್ನೆ ತಾನೇ ಹೇಳಿಕೊಟ್ಟದ್ದು ನೆನಪಾಯಿತು.

"ನಿಮ್ಮ ತಾಯಿಯ ಜಾಗ ನಿಮ್ಮ ಹೆಸರಿಗೆ ಬೇಕು ತಾನೆ? ನೀವೇ ಬಾಯಿಬಿಟ್ಟು ಹೇಳ್ಬೇಕು, ನಾನು ಬರ್ಕೋಬೇಕು."

"ಬೇಡ."

"ಬೇಕು ಅನ್ನೋ!" ತಾಯಿ ಕಂಬಿಗೆ ಬಾಯಿಟ್ಟು ಚೀರಿದಳು. "ತೋಂಟಾ, ಬೇಕು ಅನ್ನೋ!"

ತೋಂಟನಿಗೆ ಕೇಳಿಸಿತು. ಕಿವಿಗೆ ಹಾಕಿಕೊಳ್ಳಲಿಲ್ಲ.

"ನೋಡಿ, ಇನ್ನೊಂದು ಸಲ ಕೇಳ್ತೀನಿ. ಮೂವತ್ತೊಂದು ವರ್ಷ ಅವರು..."

"ಬೇಡ ಸಾರ್." ತಿರುಗಿ ಹೊರಗೆ ನಡೆದ.

"ರೀ, ಬನ್ನಿ ಇಲ್ಲಿ!" ಸಾಹೇಬರು ಕೂಗಿದರು. ತೋಂಟ ಒಂದು ಬೆರಳು ಮಡಚಿದ, ಮೆಟ್ಟಿಲಿಳಿದ.

"ಓ ತೋಂಟಣ್ಣ! ಸಾಹೇಬ್ರು ಕರೀತಾರೆ!" ಜವಾನ ಕೂಗಿದ. ತೋಂಟ ಎರಡನೇ ಬೆರಳು ಮಡಚಿದ, ಗೇಟಿನವರೆಗೂ ಹೋದ.

ರುದ್ರಾಣಮ್ಮ ಸ್ಟೂಲಿನಿಂದ ಇಳಿಯಲು ಹೋಗಿ ಬಿದ್ದಳು. ಎದ್ದು, ಒಂದು ಮೊಣಕಾಲು ಎಳೆದುಕೊಂಡು, ಮೆಟ್ಟಿಲು ಹತ್ತಿ ಬಾಗಿಲಿಗೆ ಬರುವಷ್ಟರಲ್ಲಿ ಸಾಹೇಬರು ಪೆನ್ನು ಮುಚ್ಚುತ್ತಿದ್ದರು.

"ಸ್ವಾಮಿ, ಅವನಿಗೆ ತಿಳಿಯಲ್ಲ..."

"ತಿಳಿಯಲ್ಲ ಅಂದ್ರೆ ಹೇಗಮ್ಮ ಕೊಡೋದು? ತಿಳಿದೇ ಹೇಳಿದ್ದಾದ್ರೆ, ಬೇಡ ಅಂದಿದ್ದಾರಲ್ಲ. ಎರಡರಲ್ಲಿ ಯಾವುದಾದ್ರೂ ನಾನು ಬರೆಯೋದು ಒಂದೇ." ಸಾಹೇಬರು ಹಾಳೆ ಮಗುಚಿದರು. "ಮುಂದಿನವರನ್ನ ಕರಿ."

"ಪಾಲಾಕ್ಷಪ್ಪಾ!" ಜವಾನ ಕೂಗಿದ.

ಗೇಟಿನ ಬಳಿ ತೋಂಟ ಮೂರನೇ ಬೆರಳು ಮಡಚಿದ. ಕೂಗುವ ಹೆಸರು ತನ್ನದೇ ಆಗಿರಬೇಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಸಂತೋಷದಿಂದ ತಿರುಗಿ, ಓಡೋಡಿ ಬಂದ.

"ಮೂರು ಕೂಗಾಯ್ತವ್ವ! ಎಷ್ಟಕ್ಕೆ ಇಳಿದ್ರು?"

ತಾಯಿ ಮೆಟ್ಟಿಲ ಮೇಲೆ ಕೂತಿದ್ದಳು. ಒಳಗಿಂದ ಪಾಲಾಕ್ಷಪ್ಪ ಹೊರಬಂದು ಅವಳನ್ನು ದಾಟಿ ಇಳಿದ. "ಅವಸರ ಇಲ್ಲ ಅಕ್ಕ," ಅಂದ. "ಸಂಜೆ ಹೊತ್ತಿಗೆ ಖಾಲಿ ಮಾಡಿ, ಸಾಕು." ಟವೆಲಿನ ಮೇಲಿದ್ದ ಪೆಟ್ಟಿಗೆಯನ್ನು ಎರಡು ಬೆರಳಲ್ಲಿ ಎತ್ತಿ, ಅಂಚಿಗೆ ಸರಿಸಿ, ಆ ಜಾಗದಲ್ಲಿ ತನ್ನ ರಿಜಿಸ್ಟರ್ ಇಟ್ಟ.

ತೋಂಟ ಕಾದ. ಈಗ ಬೈಯುತ್ತಾಳೆ, ಬೈದ ಮೇಲೆ ಬುದ್ಧಿ ಹೇಳುತ್ತಾಳೆ. ಯಾವಾಗಲೂ ಹಾಗೇ. ತಾಯಿ ಬೈಯಲಿಲ್ಲ.

"ಮುಂದಿನ ಸಲ ಏನನ್ನಲವ್ವ?"

ಅವಳು ಏನೂ ಹೇಳಲಿಲ್ಲ. ಹೇಳದೆ ಏನನ್ನೂ ಮಾಡುವವನಲ್ಲ ಅವನು. ಅಲ್ಲೇ ನಿಂತ.