ಕೊನೆಯ ತಿಮಿಂಗಿಲ ಯಾರದು

ಪರದೇಶದ ದೊರೆಗಳು ಆಳುತ್ತಿದ್ದ ಒಂದು ಸಣ್ಣ ದ್ವೀಪ. ದೊರೆಗಳ ಊರಿನ ಬೀದಿದೀಪಗಳಿಗೆ ತಿಮಿಂಗಿಲದ ಎಣ್ಣೆ ಬೇಕಿತ್ತು. ದ್ವೀಪದ ಕೊಲ್ಲಿಗೆ ವರ್ಷವರ್ಷವೂ ತಿಮಿಂಗಿಲಗಳು ಮರಿ ಹಾಕಲು ಬರುತ್ತಿದ್ದವು. ಕೇಳಬೇಕೇ! ಇಪ್ಪತ್ತು ವರ್ಷ ದಡದಲ್ಲಿ ಕೊಬ್ಬು ಕಾಯಿಸುವ ಹಂಡೆಗಳು ಆರಲಿಲ್ಲ.

ಆಮೇಲೆ ತಿಮಿಂಗಿಲಗಳು ಕಡಿಮೆಯಾದವು. ಕೊನೆಗೆ ಬರುವುದೇ ನಿಂತುಹೋಯಿತು. ಹಡಗುಗಳೂ ಬೇರೆ ದಾರಿ ಹಿಡಿದವು.

ಉಳಿದದ್ದು ದಡದ ಮೇಲಿನ ಕಮಾನು. ತಿಮಿಂಗಿಲದ ಎರಡು ದವಡೆ ಮೂಳೆಗಳನ್ನು ನೆಟ್ಟು ಮಾಡಿದ್ದು. ಆಯಾ ವರ್ಷ ತಿಮಿಂಗಿಲಕ್ಕೆ ಮೊದಲು ನೆಟ್ಟ ಈಟಿ ಯಾರದೋ ಅವನ ಹೆಸರನ್ನು ಅದರ ಮೇಲೆ ಕೆತ್ತುವುದು ಅಲ್ಲಿನ ರೂಢಿ. ಯಾರದೆಂದು ಹೇಳುವವರು ಅಮಾರೊ ಗುರುಗಳು. ದ್ವೀಪದವರಿಗೆಲ್ಲ ಈಟಿ ಹಿಡಿಯಲು ಕಲಿಸಿದವರು.

ಕೊನೆಯ ತಿಮಿಂಗಿಲ ಸತ್ತು ನಾಲ್ಕು ವರ್ಷವಾಗಿತ್ತು. ಆ ವರ್ಷ ಕೊಲ್ಲಿಗೆ ಬಂದದ್ದು ಅದೊಂದೇ. ಆ ವರ್ಷದ ಹೆಸರನ್ನು ಗುರುಗಳು ಇನ್ನೂ ಹೇಳಿರಲಿಲ್ಲ.

ಒಂದು ಬೆಳಿಗ್ಗೆ ಶಿಷ್ಯ ತೊಮೆ ಬಂದ. ಅವನಿಗೂ ಇನ್ನೊಬ್ಬ ಶಿಷ್ಯ ಗಾಸ್ಪರನಿಗೂ ಮೊದಲಿನಿಂದ ಪೈಪೋಟಿ. ಗುರುಗಳು ಗೆಣಸು ಸುಲಿಯುತ್ತಿದ್ದರು.

"ಗುರುಗಳೇ, ಗಾಸ್ಪರನ ಹೆಸರು ಮಾತ್ರ ಕೆತ್ತಿಸಬೇಡಿ."

"ಯಾಕಪ್ಪ?"

"ಕಮಾನಿನ ಮೇಲೆ ಅವನ ಹೆಸರು ಆರು ಕಡೆ ಇದೆ. ನನ್ನದು ಐದೇ. ಅದರ ಕೆಳಗೆ ಹಾದು ಹೋಗುವಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಸುಳ್ಳು ಯಾಕೆ ಹೇಳಲಿ?"

"ಆ ಕೊನೆಯ ತಿಮಿಂಗಿಲ ಬಂದ ದಿನ ಏನಾಯಿತು?"

"ಅದರ ಜೊತೆ ಮರಿ ಇತ್ತು. ಮರಿ ಇರುವ ತಾಯಿಯನ್ನು ಮುಟ್ಟಬಾರದು ಅಂತ ನೀವು ಹೇಳಿಕೊಟ್ಟಿದ್ದಿರಿ. ನಾನು ಸುಮ್ಮನೆ ನಿಂತೆ. ಆದರೆ ಪಕ್ಕದ ದೋಣಿಯಲ್ಲಿ ಗಾಸ್ಪರ್ ಈಟಿ ಎತ್ತಿದ. ಅವನ ಪಾಲಾಗುತ್ತದಲ್ಲ ಅನ್ನಿಸಿ ಮೈಯೆಲ್ಲ ಉರಿದುಹೋಯಿತು. ಎಸೆದುಬಿಟ್ಟೆ."

"ತಾಯಿಗೋ?"

ತೊಮೆ ತಲೆ ತಗ್ಗಿಸಿದ. "ಮೊದಲು ಮರಿಗೆ. ಮರಿಗೆ ಹೊಡೆದರೆ ತಾಯಿ ಬಿಟ್ಟು ಹೋಗುವುದಿಲ್ಲ. ಅದನ್ನೇ ಸುತ್ತುತ್ತ ನಿಂತಿತ್ತು. ಆಮೇಲೆ ಸುಲಭ."

"ಗಾಸ್ಪರ್ ನಿನ್ನೆ ಬಂದಿದ್ದ," ಎಂದರು ಗುರುಗಳು.

"ಏನಂದ?"

"ತೊಮೆ ಈಟಿ ಎತ್ತಿದ, ಅದಕ್ಕೇ ನಾನು ಎಸೆದೆ ಅಂದ."

"ಸುಳ್ಳ! ನನ್ನದೇ ಮೊದಲು ನೆಟ್ಟದ್ದು!"

ಗುರುಗಳು ಗೆಣಸನ್ನು ಬದಿಗಿಟ್ಟು ಉಳಿ, ಸುತ್ತಿಗೆ ತೆಗೆದುಕೊಂಡು ಎದ್ದರು. ತೊಮೆ ಅವರ ಹಿಂದೆಯೇ ಹೊರಟ. ನಾಲ್ಕು ವರ್ಷ ಇದಕ್ಕಾಗಿಯೇ ಕಾದಿದ್ದ.

ಕಮಾನಿನ ಹತ್ತಿರ ಗಾಸ್ಪರ್ ನಿಂತಿದ್ದ. ತೊಮೆ ಗುರುಗಳ ಮನೆಗೆ ಹೋಗುವುದನ್ನು ಕಂಡ ಮೇಲೆ ಅವನಿಗೂ ಕಾಲು ನಿಲ್ಲಲಿಲ್ಲ.

ಗುರುಗಳು ಉಳಿಯನ್ನು ತೊಮೆಯ ಕೈಗೆ ಕೊಟ್ಟರು.

"ಇದು ಅನ್ಯಾಯ, ಗುರುಗಳೇ!" ಗಾಸ್ಪರನ ಕಣ್ಣಲ್ಲಿ ನೀರು ಬಂತು. "ಅವನ ಈಟಿ ಹೋದದ್ದು ಮರಿಗೆ. ತಾಯಿ ನನ್ನದು."

"ತಾಯಿಯೂ ನನ್ನದೇ," ಎಂದ ತೊಮೆ. "ಮರಿಯೂ ನನ್ನದೇ."

"ಮರಿಗೆ ನನ್ನ ಈಟಿಯೂ ತಗಲಿತ್ತು! ಅದು ಸತ್ತದ್ದು ನನ್ನ ಏಟಿಗೆ!"

"ನನ್ನ ಏಟಿಗೆ!"

ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದುಕೊಂಡರು. ಗುರುಗಳು ನಡುವೆ ಹೋಗಲಿಲ್ಲ. ಖಾಲಿ ಕೊಲ್ಲಿಯ ಕಡೆ ನೋಡುತ್ತ ನಿಂತರು. ಕೊನೆಗೆ ಇಬ್ಬರೂ ಉಸಿರು ಸಾಲದೆ ಕೈಬಿಟ್ಟರು.

"ಹೇಳಿ ಗುರುಗಳೇ," ತೊಮೆ ಏದುಸಿರು ಬಿಡುತ್ತ ಕೇಳಿದ. "ಯಾರ ಹೆಸರು?"

"ಇಬ್ಬರದೂ ಕೆತ್ತಿ. ಆಳವಾಗಿ ಕೆತ್ತಿ. ತಿಮಿಂಗಿಲಗಳು ಎಲ್ಲಿ ಹೋದವು ಅಂತ ಯಾರನ್ನು ಕೇಳಬೇಕೋ, ಮುಂದೆ ಹುಟ್ಟುವ ಮಕ್ಕಳಿಗೆ ಗೊತ್ತಿರಲಿ."